ಚಿಲ್ಲರೆ ದೋಷ ಮೀಮಾಂಸೆ

ಮೋರಿಯಲ್ಲಿ ಬಿದ್ದು ಸವೆದ ರೂಪಾಯಿಯನ್ನು ‘ಟಂಕಸಾಲೆಯ ತಪ್ಪು, ಲಕ್ಷಕ್ಕೆ ಕಮ್ಮಿಯಿಲ್ಲ’ ಎಂದು ಹಿಡಿದು ಅಲೆಯುವವರ ಮೇಲಿನ ಕನಿಕರದಿಂದ ಈ ಶಾಸ್ತ್ರ ಹುಟ್ಟಿದೆ. ಸಂಶೋಧನಾ ಕ್ಷೇತ್ರ: ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿ. ಅನುದಾನ: ಮನೆಯಾಕೆಯದು, ಆಕೆಗೆ ತಿಳಿಯದಂತೆ.

ಗೋತ್ರ ಪ್ರಕರಣ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಬಿಟ್ಟುಹೋಗಿದೆಯೆಂದು ಕುಣಿಯುವವರು ಗಮನಿಸಬೇಕು: ಅದು ದೋಷವಲ್ಲ, ಗೋತ್ರ.

ಜನ್ಮದೋಷ ಪ್ರಕರಣ. ಹುಟ್ಟುಗುಣ ಸುಟ್ಟರೂ ಹೋಗದು. ಅಚ್ಚು ಬಿರುಕುಬಿಟ್ಟರೆ ಒತ್ತಡಕ್ಕೆ ಸಿಕ್ಕ ಲೋಹ ಆ ಬಿರುಕಿಗೆ ನುಗ್ಗಿ, ನಾಣ್ಯದ ಮೇಲೆ ಉಬ್ಬಾಗಿ ನಿಲ್ಲುತ್ತದೆ. ಆದ್ದರಿಂದ ಸೂತ್ರ: ಉಬ್ಬುಗೆರೆ ಹುಟ್ಟಿನದು, ಗೀರುಗೆರೆ ಬದುಕಿನದು. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೇ ಏಟು ಬಿದ್ದರೆ ಅಂಚು ಕಚ್ಚಿದ ಚಕ್ಕುಲಿಯಂತಾಗುತ್ತದೆ. ಆಗ ಅದರ ಎದುರಂಚೂ ಸಾಮಾನ್ಯವಾಗಿ ಮಂಕಾಗಿರುತ್ತದೆ. ಅರ ಹಾಕಿ ಉಜ್ಜಿದ್ದಾದರೆ ಎದುರಂಚು ಗಟ್ಟಿಯಾಗಿ ನಿಂತು ಮಾಲೀಕನ ವಿರುದ್ಧ ಸಾಕ್ಷಿ ಹೇಳುತ್ತದೆ.

ಸಹವಾಸದೋಷ ಪ್ರಕರಣ. ರೈಲುಹಳಿ, ಸುತ್ತಿಗೆ, ಆಸಿಡ್ಡು, ಉಡಿದಾರಕ್ಕೆಂದು ಕೊರೆದ ತೂತು ಇವು ದುಸ್ಸಂಗದ ಫಲ. ಎರಡು ನಾಣ್ಯ ಜೋಡಿಸಿ ಬಡಿದರೆ ಒಂದರ ಮೇಲೆ ಇನ್ನೊಂದರ ತಿರುಗುಮುರುಗು ಚಿತ್ರ ಮೂಡುವುದುಂಟು. ಅಪರೂಪವೆಂದು ಬೀಗುವ ಮೊದಲು ಹಿಂಬದಿ ತಿರುಗಿಸಿ: ಸಿಂಹಗಳ ಮೂಗು ಚಪ್ಪಟೆಯಾಗಿದ್ದರೆ ಕೆಲಸ ಟಂಕಸಾಲೆಯದಲ್ಲ, ಪಕ್ಕದ ಮನೆಯ ಹುಡುಗನದು. ಹಳಿಯ ಮೇಲೆ ಮಲಗಿದ 2011ರ ಮಾದರಿಯ ರೂಪಾಯಿ ಎಷ್ಟೇ ಅಗಲವಾದರೂ ತೂಕ 3.79 ಗ್ರಾಂ ದಾಟದು. ಹಿಗ್ಗಿದವರ ಆಸ್ತಿ ಹೆಚ್ಚಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಪೂರ್ವಪಕ್ಷ. ದೋಷಗಳು ಎರಡೇ ಎಂದು ಸಿದ್ಧಾಂತ ಮಾಡಿ, ಹುಟ್ಟಿನಲ್ಲೂ ಬದುಕಿನಲ್ಲೂ ಕಳಂಕವಿಲ್ಲದ ಹತ್ತು ರೂಪಾಯಿ ನಾಣ್ಯವೊಂದನ್ನು ಹಿಡಿದು ಬೀದಿಕೊನೆಯ ಅಂಗಡಿಗೆ ಹೋದೆ.

“ಹತ್ತರ ಕಾಯಿನ್ನು ನಡೆಯಲ್ಲ ಸಾರ್.”

“ಯಾಕಪ್ಪ? ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕೇ 2018ರಲ್ಲಿ ಹೇಳಿದೆಯಲ್ಲ!”

“ಇರ್ಬೋದು ಸಾರ್. ಆದ್ರೆ ನಾನ್ ಕೊಟ್ರೆ ಯಾರೂ ತಗೊಳಲ್ಲ.”

ಉತ್ತರಪಕ್ಷ. ಮೂರನೆಯದೊಂದು ದೋಷವಿದೆ, ಅದರ ಹೆಸರು ವದಂತಿದೋಷ. ಅದು ಉಬ್ಬೂ ಅಲ್ಲ, ಗೀರೂ ಅಲ್ಲ. ಭೂತಗನ್ನಡಿಗೂ ತಕ್ಕಡಿಗೂ ಸಿಗದು. ನಾಣ್ಯ ಸಾಸಿವೆ ಡಬ್ಬಿಗೆ ಮರಳಿತು. ಅನುದಾನದ ಲೆಕ್ಕವಾದರೂ ಸರಿಹೋಯಿತು.