ಧೂಮಜ್ಯೇಷ್ಠತಾ ಮೀಮಾಂಸೆ

ಬೆಟ್ಟದ ಮೇಲೆ ಹೊಗೆ ಕಂಡ ನಮ್ಮ ನೈಯಾಯಿಕರು ಅಲ್ಲಿ ಬೆಂಕಿ ಇದೆಯೆಂದು ಊಹಿಸಿ ಸುಮ್ಮನಾದರು. ಆ ಹೊಗೆ ಹುಟ್ಟಿದ ತಾರೀಖು ಯಾವುದೆಂದು ಒಬ್ಬರೂ ಕೇಳಲಿಲ್ಲ. ಆಧುನಿಕ ಧೂಮಶಾಸ್ತ್ರ ಶುರುವಾಗುವುದೇ ಆ ಪ್ರಶ್ನೆಯಿಂದ.

ಸೂತ್ರ: ಮೊದಲು ಬಂದವನ ಹೊಗೆ ಹಕ್ಕು, ಆಮೇಲೆ ಬಂದವನದು ಅಪರಾಧ.

ಭಾಷ್ಯ: ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯೇ ಈ ಶಾಸ್ತ್ರದ ಮೂಲಗ್ರಂಥ. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗೆ ಅದು ಮೂರು ಆಶ್ರಮಗಳನ್ನು ವಿಧಿಸಿದೆ. 2003ರ ಕೊನೆಯೊಳಗೆ ಎದ್ದು ನಿಂತವು ಪ್ರತಿ ಘನ ಮೀಟರ್ ಹೊಗೆಗೆ 100 ಮಿಲಿಗ್ರಾಂ ದೂಳು ಬಿಡಬಹುದು, 2004ರಿಂದ 2016ರ ನಡುವಿನವು 50, 2017ರಿಂದೀಚಿನವು 30. ಮನುಷ್ಯರಿಗೆ ವಯಸ್ಸಾದಂತೆ ಪಥ್ಯ ಹೆಚ್ಚುತ್ತದೆ. ಚಿಮಣಿಗಳಲ್ಲಿ ಪಥ್ಯವೆಲ್ಲ ಹಸುಗೂಸಿಗೆ.

ನಿದರ್ಶನ: ರಾಯಚೂರಿನ ಶಕ್ತಿನಗರ ಸ್ಥಾವರದ ಘಟಕಗಳು. 1985ರಿಂದ 2002ರವರೆಗೆ ಒಂದೊಂದಾಗಿ ಬಂದ, ತಲಾ 210 ಮೆಗಾವ್ಯಾಟಿನ ಏಳು ಅಣ್ಣಂದಿರಿಗೆ 100. 2010ರಲ್ಲಿ ಹುಟ್ಟಿದ 250 ಮೆಗಾವ್ಯಾಟಿನ ಎಂಟನೆಯ ತಮ್ಮನಿಗೆ 50. ಆವರಣ ಒಂದೇ, ಕೃಷ್ಣೆಯ ನೀರೂ ಒಂದೇ. ಊರವರ ಶ್ವಾಸಕೋಶವಂತೂ ಪಕ್ಕಾ ಅದ್ವೈತಿ: ಅಣ್ಣನ ದೂಳಿಗೂ ತಮ್ಮನ ದೂಳಿಗೂ ಭೇದ ಎಣಿಸದು.

ಪೂರ್ವಪಕ್ಷ: ಹಳಬರೂ ಒಂದಲ್ಲ ಒಂದು ದಿನ ಕಾನೂನಿಗೆ ತಲೆಬಾಗಬೇಕಲ್ಲವೇ?

ಸಮಾಧಾನ: ಬಾಗುವುದು ಖಂಡಿತ, ದಿನ ಮಾತ್ರ ಖಂಡಿತವಲ್ಲ. ಗಂಧಕದ ಡೈಆಕ್ಸೈಡಿಗೂ ಅದೇ ಅಧಿಸೂಚನೆ ಮಿತಿ ಹಾಕಿ, ತಗ್ಗಿಸಲು ಎರಡು ವರ್ಷದ ಗಡುವು ಕೊಟ್ಟಿತ್ತು. 2017 ಬಂದಾಗ ಗಡುವು 2022ಕ್ಕೆ ಹೋಯಿತು. ಅಲ್ಲಿಯೂ ನಿಲ್ಲದೆ ಮುಂದೆ ನಡೆಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿ ಗಡುವಿಗೆ ಮೋಕ್ಷವಾಯಿತು.

ಹೊಸಬನಿಗಾದರೋ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ಅಧ್ಯಯನ, ಶಾಮಿಯಾನದಡಿ ಸಾರ್ವಜನಿಕ ಆಲಿಕೆ, ತಜ್ಞರ ಸಮಿತಿ. ಆಮೇಲೆ ಓಡಿಸಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಇವೆಲ್ಲ ಬೇಕಾದವೇ. ಹಳಬನನ್ನೂ ಅದೇ ಅಳತೆಗೋಲಿನಿಂದ ಅಳೆಯಿರಿ ಎಂದರೆ ಮಾತ್ರ ಶಾಸ್ತ್ರವಿರೋಧ.

ಸಿದ್ಧಾಂತ: ಹೊಸದಕ್ಕಷ್ಟೇ ಕಟ್ಟಳೆ ಬಿಗಿಯಾದಷ್ಟೂ ಹೊಸದನ್ನು ಕಟ್ಟುವ ಖರ್ಚು ಏರುತ್ತದೆ, ಅದು ಏರಿದಷ್ಟೂ ಹಳೆಯದನ್ನು ತೇಪೆ ಹಾಕಿ ಓಡಿಸುವುದೇ ಲಾಭ. ಆದ್ದರಿಂದ ಹಳೇ ಕಾರ್ಖಾನೆಯ ಮಾಲೀಕರು ಪರಿಸರ ದಿನದಂದು ಸಸಿ ನೆಟ್ಟು, ‘ಹೊಸಬರಿಗೆ ಕಾನೂನು ಇನ್ನೂ ಕಠಿಣವಾಗಬೇಕು’ ಎಂದು ಭಾಷಣ ಮಾಡಿದರೆ ಬೂಟಾಟಿಕೆ ಎನ್ನಬಾರದು. ಅವರು ಮನಸಾರೆ ಹೇಳುತ್ತಿದ್ದಾರೆ.

ಫಲಶ್ರುತಿ: ಇದನ್ನು ನಿತ್ಯ ಪಠಿಸುವ ಉದ್ಯಮಿಗೆ ಹೊಸ ಯಂತ್ರ ತರುವ ದುರ್ಬುದ್ಧಿ ನಾಶವಾಗಿ, ಹಳೇ ತಾರೀಖಿನ ಕಾರ್ಖಾನೆ ಕೊಳ್ಳುವ ಸದ್ಬುದ್ಧಿ ಉಂಟಾಗುವುದು. ಬರೀ ಉಸಿರಾಡುವವರಿಗೆ ಪ್ರತ್ಯೇಕ ಫಲ ಹೇಳಿಲ್ಲ.