ಅಕ್ರೋಟಿನ ಕೋವಿಯೂ ಇಂಗಿನ ವಾಸನೆಯೂ

ಒಂದು ಗುಂಡೂ ಹಾರಿಸದೆ ಕೋವಿಯ ಪಂಡಿತರಾಗುವ ಕಾಯಿಲೆ ನಿಮಗೂ ಅಂಟಿರಲೇಬೇಕು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಓದಿ, ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಒಂದಾದರೂ ನರಭಕ್ಷಕನನ್ನು ಕೆಡವದ ಕನ್ನಡಿಗರು ಯಾರಿದ್ದಾರೆ? ನನ್ನ ಕಾಯಿಲೆ ಉಲ್ಬಣಿಸಿದ್ದಕ್ಕೆ ಮಾತ್ರ ವಿಶೇಷ ಕಾರಣವಿದೆ. ಆಂಡರ್ಸನ್ 1910ರಲ್ಲಿ ಹುಟ್ಟಿದ್ದು ನಾನಿರುವ ಇದೇ ಹೈದರಾಬಾದಿನ ಬೊಲ್ಲಾರಂನಲ್ಲಿ. ಊರಿನವನೆಂದ ಮೇಲೆ ಅವನ .405 ವಿಂಚೆಸ್ಟರ್ ಕೋವಿಯ ಮೇಲೆ ನನಗೂ ಒಂದಿಷ್ಟು ಹಕ್ಕು ಇರಬೇಕಲ್ಲ! ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೊರಟಾಗ ಸಿಂಹಗಳಿಗೆ ಮದ್ದೆಂದು ಒಯ್ದದ್ದೂ ಅದೇ .405. ಈ ಮಾಹಿತಿಯನ್ನು ನಾನು ಮದುವೆಮನೆಗಳಲ್ಲಿ, ತರಕಾರಿ ಅಂಗಡಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹಂಚಿದ್ದೇನೆ.

ಗುರಿಯ ಗಂಧ ಇಲ್ಲದವನಿಗೆ ಮರವೇ ಗತಿ. ಹಳೆಯ ಬೇಟೆ ಕೋವಿಗಳ ಹಿಂಬದಿಯ ಮರ ಅಕ್ರೋಟಿನದು. ಬೇರಿನ ಹತ್ತಿರದ, ಕವಲೊಡೆಯುವ ಕಡೆಯ ತುಂಡಿನಲ್ಲಿ ಕಪ್ಪು-ಜೇನು ಬಣ್ಣದ ಗೆರೆಗಳು ಸುಳಿಸುಳಿಯಾಗಿ ಹರಿಯುತ್ತವೆ. ಆದರೆ ಕೈ ಹಿಡಿಯುವ ಕತ್ತಿನ ಭಾಗದಲ್ಲಿ ಮಾತ್ರ ಎಳೆ ನೇರವಾಗಿರಬೇಕು, ಇಲ್ಲದಿದ್ದರೆ ಗುಂಡಿನ ಒದೆತಕ್ಕೆ ಮರ ಸೀಳುತ್ತದೆ. ಇದನ್ನೆಲ್ಲ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಆಯುಧಗಳ ಕೋಣೆಯಲ್ಲಿ, ಗಾಜಿಗೆ ಮೂಗು ಒತ್ತಿಕೊಂಡು, ನನ್ನ ಬೆನ್ನ ಹಿಂದೆ ನಿಂತಿದ್ದ ಜನಕ್ಕೆ ವಿವರಿಸುತ್ತಿದ್ದೆ. ಭಾವಾವೇಶದಲ್ಲಿ ಕಣ್ಣೂ ಮುಚ್ಚಿದ್ದೆ. ತೆರೆದು ನೋಡಿದರೆ ಕೇಳುಗರಾಗಿ ಉಳಿದಿದ್ದದ್ದು ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಒಂದೇ. ಹನ್ನೆರಡು ಹೊಡೆಯುವ ಹೊತ್ತಾಗಿತ್ತು. ಮ್ಯೂಸಿಯಮ್ಮಿನ ಹಳೆಯ ಗಡಿಯಾರದೊಳಗಿನ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಎಲ್ಲರೂ ಓಡಿದ್ದರು. ನಾನಾಗಿದ್ದರೂ ಓಡುತ್ತಿದ್ದೆ.

ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಕಾಶ್ಮೀರದ ಅಕ್ರೋಟು ಮರದ ಮಳಿಗೆಯವರೊಂದಿಗೆ 'ಕತ್ತಿನಲ್ಲಿ ಎಳೆ ನೇರವಿದೆಯೇ' ಎಂದು ಅರ್ಧ ಗಂಟೆ ಚರ್ಚಿಸಿದೆ. ಕೈಯಲ್ಲಿದ್ದದ್ದು ಬಳೆಪೆಟ್ಟಿಗೆ.

ಇಲ್ಲಿಗೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನಮ್ಮ ಮಾವನವರ ಹತ್ತಿರ, ಅವರ ತಾತನ ಕಾಲದಿಂದ ಲೈಸೆನ್ಸಿನ ಜೊತೆಗೇ ಇಳಿದುಬಂದ ಒಂದು ಜೋಡಿ ನಳಿಗೆಯ .450/400 ಕೋವಿ ಇದೆ. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಬೋರನ್ನು ಇಂಡಿಯಾದಲ್ಲಿ ನಿಷೇಧಿಸಿತು. ಅದೇ ಬೋರಿನ, ಸೇನೆಯ ಹಳೆಯ ಮಾರ್ಟಿನಿ ಹೆನ್ರಿ ಕೋವಿಗಳು ಹಿಡಿಯಬಾರದವರ ಕೈಸೇರಿದ್ದವು, ಅವುಗಳ ಹೊಟ್ಟೆಗೆ ಮದ್ದುಗುಂಡು ಸಿಕ್ಕೀತೆಂಬ ದಿಗಿಲು. ಲಂಡನ್ನಿನ ಕೋವಿ ಮನೆಗಳು .465, .470 ಎಂದು ಹೊಸ ಅಳತೆ ಹುಡುಕಿಕೊಂಡವು; .450/400ರ ಗುಂಡು ಸಣ್ಣದಾದ್ದರಿಂದ ಅದು ಬಚಾವಾಯಿತು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆಗೆ ಕಡಿವಾಣ ಬಿತ್ತು. ತೋಟಾಗಳ ಆಮದೂ ಬಿಗಿಯಾಯಿತು. ಹಾಗಾಗಿ ಮಾವನವರಲ್ಲಿ ಉಳಿದಿದ್ದ ತೋಟಾ ಎರಡೇ ಎರಡು. ಗಂಗಾಜಲದ ಥಾಲಿಯಂತೆ ಅವನ್ನು ಬೀರುವಿನ ಒಳಖಾನೆಯಲ್ಲಿ ಇಟ್ಟಿದ್ದರು.

2023ರ ನವೆಂಬರಿನಲ್ಲಿ ವಿಧಾನಸಭಾ ಚುನಾವಣೆ. ಅದು ಮುಗಿಯುವವರೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು. 'ಇಷ್ಟು ಒಣಗಿದ ಮರವನ್ನು ಹಾಗೇ ಕಳಿಸೋದಾ ಮಾವ?' ಎಂದವನು ನಾನೇ. ಅವರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಬಲ್ಲವರು ಅಗಸೆ ಎಣ್ಣೆಯನ್ನು ಹನಿಹನಿಯಾಗಿ ಹಾಕಿ, ಅಂಗೈ ಬಿಸಿಯಾಗುವಂತೆ ತಿಕ್ಕಿ, ಒಣಗಲು ಬಿಟ್ಟು ಮತ್ತೆ ತಿಕ್ಕುತ್ತಾರೆ, ವಾರಗಟ್ಟಲೆ. ನಾನು ಅಡುಗೆಮನೆಯಿಂದ ಬಾಟಲಿ ತಂದು ಧಾರಾಳವಾಗಿ ಸುರಿದೆ. ಮಾವನವರ ಮೂಗು ಅರಳಿತು. ಅದು ಉಪ್ಪಿನಕಾಯಿಗೆಂದು ಇಂಗು ಹಾಕಿ ಕಾಯಿಸಿಟ್ಟ ಒಗ್ಗರಣೆ ಎಣ್ಣೆ.

ಒರೆಸಿದೆ. ಈ ಸಲ ನಿಜವಾದ ಅಗಸೆ ಎಣ್ಣೆ ಹಚ್ಚಿ ತಿಕ್ಕಿದೆ. ಮರ ಎಂಥಾ ಚೆಲುವು ತಳೆಯಿತೆಂದರೆ, ಹೊಗೆಯಾಡುವ ಕಂದುಗೆರೆಗಳನ್ನು ನೋಡುತ್ತಾ ಮೈಮರೆತೆ. ಅಷ್ಟರಲ್ಲಿ ಬಾಲ್ಕನಿಯಲ್ಲಿ ನಿಜವಾದ ಹೊಗೆ! ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದ್ದೆ ಮಾಡಿ ಎಸೆದ ಎಣ್ಣೆಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಬೇಕಿತ್ತು. ಆ ಕೋವಿಯ ದೆಸೆಯಿಂದ ಅರ್ಧ ಶತಮಾನದ ನಂತರ ಎದ್ದ ಮೊದಲ ಹೊಗೆಯನ್ನು ನಾನು ಒಂದು ಬಕೆಟ್ ನೀರಿನಿಂದ ಆರಿಸಿದೆ. ಕೆಳಗಿನ ಮನೆಯವರ ಹಪ್ಪಳ ನೆನೆದುಹೋಯಿತು.

ಮಾವನವರು ಹಪ್ಪಳದ ವಿಚಾರ ಇತ್ಯರ್ಥ ಮಾಡಲು ಕೆಳಗಿಳಿದರು. ಪಾಪಪರಿಹಾರಕ್ಕೆಂದು ನಾನು ತೋಟಾಗಳಿಗೆ ಕೈಹಾಕಿದೆ. ಹಿತ್ತಾಳೆ ಮಾಸಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ (ದಯವಿಟ್ಟು ನೀವು ಮಾಡಬೇಡಿ, ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ), ದೇವರ ಪಾತ್ರೆಗಳ ಸಾಲಿನಲ್ಲೇ ಒಣಗಲು ಇಟ್ಟೆ.

ಮರುದಿನ ಠಾಣೆಯಲ್ಲಿ ಕೋವಿಯನ್ನು ಮೇಜಿನ ಮೇಲೆ ಇಟ್ಟೆವು. ಪೇದೆಯೊಬ್ಬರು ಉಸಿರು ಎಳೆದುಕೊಂಡು, ಬಹಳ ಸೌಜನ್ಯದಿಂದ 'ಸಾರ್, ಟಿಫಿನ್ ತಂದಿದ್ದೀರಾ?' ಎಂದು ತೆಲುಗಿನಲ್ಲಿ ಕೇಳಿದರು. ರಿಜಿಸ್ಟರಿನಲ್ಲಿ 'ತೋಟಾ 2' ಎಂದು ಬರೆದಾಯಿತು. ಡಬ್ಬಿ ತೆರೆದರೆ ಒಂದೇ. ಮಾವನವರ ಮುಖ ಬಿಳಿಚಿತು. ಲೆಕ್ಕ ತಪ್ಪಿದ ತೋಟಾಕ್ಕೆ ಉತ್ತರ ಹೇಳಬೇಕಾದವರು ಲೈಸೆನ್ಸ್ ಹೊಂದಿದವರು. ನಾನು ಮನೆಗೆ ಫೋನ್ ಮಾಡಿದೆ, ಸಿಂಕು ಹುಡುಕಿಸಿದೆ, ಅಕ್ಕಿ ಡಬ್ಬ ಬಗ್ಗಿಸಿ ನೋಡಲು ಹೇಳಿದೆ. ಕೊನೆಗೆ ಅತ್ತೆಯವರೇ ಆಟೋ ಹಿಡಿದು ಬಂದು ಸೆರಗಿನ ಗಂಟು ಬಿಚ್ಚಿದರು. ಥಳಥಳ ಹೊಳೆಯುವ ತೋಟಾ. ಮೂತಿಯಲ್ಲಿ ಅರಿಶಿನ, ನಡುವಿನಲ್ಲಿ ಕುಂಕುಮ, ಬುಡದಲ್ಲಿ ಎರಡು ಅಕ್ಷತೆ. ಬೆಳಗಿನ ಪೂಜೆಯಲ್ಲಿ ಅದು ಕೃಷ್ಣನಿಗೂ ಗಣಪತಿಗೂ ನಡುವೆ ನಿಂತು ಮಂಗಳಾರತಿ ಸ್ವೀಕರಿಸಿತ್ತು.

ಒರೆಸಲೇ ಎಂದು ನಾನು ಕರ್ಚೀಫು ತೆಗೆದೆ. ಮಾವ, ಅತ್ತೆ, ಪೇದೆ, ಮೂವರೂ ಒಟ್ಟಿಗೇ 'ಬೇಡ!' ಎಂದರು.

ಈಗ ಕೋವಿ ಮನೆಗೆ ವಾಪಸ್ಸು ಬಂದಿದೆ. ಹಬ್ಬಕ್ಕೆ ಹೋದಾಗ ಮಾವನವರು ಅದನ್ನು ಹೊರತೆಗೆದು, ಹಜಾರದ ಆ ತುದಿಯಿಂದ ನನಗೆ ಮರದ ಗೆರೆ ತೋರಿಸುತ್ತಾರೆ. ಅಗಸೆ ಎಣ್ಣೆಯ ಬಾಟಲಿ ಬೀರುವಿನಲ್ಲಿದೆ, ಬೀರುವಿನ ಕೀಲಿ ಅತ್ತೆಯವರ ಸೊಂಟದಲ್ಲಿದೆ.