ಏಕಕುಕ್ಕರ ಔತಣ ಮೀಮಾಂಸೆ

ಔತಣವೊಂದಕ್ಕೆ ಎಷ್ಟು ಪಾತ್ರೆ ಬೇಕು ಎಂಬ ಪ್ರಶ್ನೆಗೆ ಹಾಸನ ಸೀಮೆಯಲ್ಲಿ ಸಾವಿರ ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಅಡುಗೆ ಮಾಡುವವರು ಅದನ್ನು ಗಮನಿಸಿಲ್ಲ, ಅಷ್ಟೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿ, ಕೊಡಗಟ್ಟಲೆ ಹಾಲು ಸುರಿಸಿದ. ಸುಮಾರು 58 ಅಡಿಯ ಮೂರ್ತಿ. ಹಾಲು ತೊಡೆಯಿಂದ ಕೆಳಗಿಳಿಯಲೇ ಇಲ್ಲ. ಆಗ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ಹಿಡಿಸುವಷ್ಟೇ ಹಾಲು ತಂದು ಎರೆದಳು, ಅದು ಮುಡಿಯಿಂದ ಅಡಿಯವರೆಗೂ ಹರಿಯಿತು ಎನ್ನುತ್ತದೆ ಐತಿಹ್ಯ. ಭಕ್ತರಿಗೆ ಇದು ಗರ್ವಭಂಗದ ಕಥೆ. ಪ್ರಸ್ತುತ ಪ್ರಬಂಧಕ್ಕೆ ಮಾತ್ರ ಇದು ಪಾತ್ರೆ ಸಾಲದ ಮನೆಯ ಸಂತರ್ಪಣೆಯ ಮೊದಲ ದಾಖಲೆ. ಗುಳ್ಳಕಾಯಜ್ಜಿಯ ವಿಗ್ರಹ ಬೆಟ್ಟದ ಮೇಲೆ ಇಂದಿಗೂ ನಿಂತಿದೆ. ಅವಳ ಕೈಯಲ್ಲಿರುವುದು ಒಂದೇ ಪಾತ್ರೆ ಎಂಬುದನ್ನು ಸಂಶೋಧಕರು ಗಮನಿಸಬೇಕು.

ಅಧ್ಯಯನದ ಕ್ಷೇತ್ರ: ಹಾಸನ ನಗರದ ಒಂದು ಬಾಡಿಗೆ ಕೋಣೆ. ಭೂಮಿಯಿಂದ 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಹತೋಟಿಯಲ್ಲಿಡುವ ಇಸ್ರೊ ಕೇಂದ್ರ 1982ರಿಂದ ಇದೇ ಊರಿನಲ್ಲಿದೆ. ಕೋಣೆಯ ಗೋಡೆಯ ಪ್ಲಗ್ಗು ಮಾತ್ರ ಇನ್ನೂ ಯಾರ ಹತೋಟಿಗೂ ಬಂದಿಲ್ಲ. ಅದು 6 ಆಂಪಿಯರಿನದು. 2,000 ವ್ಯಾಟಿನ ಇಂಡಕ್ಷನ್ ಒಲೆ ಪೂರ್ತಿ ಉರಿದರೆ ಎಳೆಯುವುದು ಸುಮಾರು 9 ಆಂಪಿಯರ್. ಆದ್ದರಿಂದ ಒಲೆಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಉರಿಸತಕ್ಕದ್ದು. ಉಪಕರಣಗಳು: ಐದು ಲೀಟರಿನ ಒಂದು ಕುಕ್ಕರ್, ಹಿಡಿ ಅಲ್ಲಾಡುವ ಒಂದು ಬಾಣಲೆ, ಒಂದು ಡಬರಿ, ಒಂದು ಸೌಟು, ಒಂದು ಚಾಕು. ಸ್ನಾನದ ಬಕೀಟನ್ನೂ ಈ ಪಟ್ಟಿಗೆ ಸೇರಿಸಬೇಕೆಂಬ ವಾದವೊಂದು ಬಂದಿತ್ತು. ಅದನ್ನು ಪರಿಶೀಲಿಸದೆಯೇ ತಳ್ಳಿಹಾಕಲಾಗಿದೆ.

ಶಾಮಿಯಾನದ ಅಂಗಡಿಯಿಂದ ಪಾತ್ರೆ ಬಾಡಿಗೆಗೆ ತರಬಹುದಲ್ಲ ಎಂಬುದು ಪೂರ್ವಪಕ್ಷ. ತರಬಹುದು. ಆದರೆ ಅಲ್ಲಿ ಸಿಗುವುದು ನೂರು ಜನಕ್ಕೆ ಸಾರು ಕಾಯಿಸುವ ಗಾತ್ರದ್ದು. ಇಂಡಕ್ಷನ್ ಒಲೆಯ ಮೇಲಿಟ್ಟರೆ ಕೆಳಗಿನ ಒಲೆ ಕಾಣುವುದಿಲ್ಲ. ಮೇಲಾಗಿ ಅದು ಅಲ್ಯೂಮಿನಿಯಂ ಆಗಿದ್ದರೆ ಒಲೆ ಅದನ್ನು ಪಾತ್ರೆಯೆಂದೇ ಒಪ್ಪದೆ ಕುಂಯ್‌ಗುಟ್ಟಿ ಆರಿಹೋಗುತ್ತದೆ. ಇಲ್ಲಿಗೆ ಪೂರ್ವಪಕ್ಷ ನಿರಸನವಾಯಿತು.

ಕನ್ನಡದ ಪಾಕಸಾಹಿತ್ಯ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಅಡುಗೆಯ ಪ್ರಕರಣವಿದೆ. (ಅದನ್ನು ಬರೆದ ಇಮ್ಮಡಿ ಚಾವುಂಡರಾಯ ಬೇರೆ, ಗೊಮ್ಮಟನನ್ನು ನಿಲ್ಲಿಸಿದವನು ಬೇರೆ, ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬನೇ ಮಾಡಿ ಅಂಕ ಕಳೆದುಕೊಂಡವರು ಬಹಳ.) 16ನೇ ಶತಮಾನದ ಮೂರನೇ ಮಂಗರಸನ ‘ಸೂಪಶಾಸ್ತ್ರ’ವಂತೂ ಸಸ್ಯಾಹಾರದ ಅಡುಗೆಗೇ ಮೀಸಲಾದ ಕೃತಿ. ಆದರೆ ಇಬ್ಬರೂ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿಗಳನ್ನು ಕಂಡವರಲ್ಲ. ಅವು ಅಮೆರಿಕ ಖಂಡದಿಂದ ಇತ್ತ ಬಂದದ್ದು ಆಮೇಲೆ. ಕುಕ್ಕರಿನ ಗ್ಯಾಸ್ಕೆಟ್ ಕಳೆದುಹೋದರೆ ಏನು ಮಾಡಬೇಕು ಎಂಬುದನ್ನೂ ಅವರು ಹೇಳಿಲ್ಲ.

ಇನ್ನು ಅತಿಥಿಗಳು. ಹನ್ನೆರಡು ಮಂದಿ. ಪಾತ್ರೆಯ ಕೊರತೆಗಿಂತ ದೊಡ್ಡ ತೊಡಕು ಇಲ್ಲಿದೆ. ಈ ಸೀಮೆಯಲ್ಲಿ ‘ಪಾರ್ಟಿ’ ಎಂದರೆ ಬಾಡೂಟವೆಂದೇ ಬಹುಮಂದಿಯ ತಿಳಿವಳಿಕೆ. ಸೊಪ್ಪಿನ ಸಾರಿಗೆ ಕರೆದರೆ ಮುಖ ಸಣ್ಣದು ಮಾಡಿಕೊಳ್ಳುವವರಿದ್ದಾರೆ. ಪರಿಹಾರ ಪಂಚಾಂಗದಲ್ಲಿದೆ. ಶ್ರಾವಣ ಶನಿವಾರ ಕರೆಯಿರಿ. “ಏನಣ್ಣ, ಬರೀ ಸೊಪ್ಪುಸದೆಯಾ?” ಎಂದು ಕೇಳಬೇಕಾಗಿದ್ದವನೇ “ಶನಿವಾರ ಅಲ್ವಾ, ಹೆಂಗೂ ನಾನು ತಿನ್ನಲ್ಲ ಬಿಡಣ್ಣ” ಎಂದು ಸಮಾಧಾನ ಹೇಳುತ್ತಾನೆ. ಖರ್ಚು ಅರ್ಧಕ್ಕಿಳಿಯುತ್ತದೆ, ಪುಣ್ಯವೂ ಬರುತ್ತದೆ.

ಇಷ್ಟಕ್ಕೆ ಗೆದ್ದೆವೆಂದುಕೊಳ್ಳುವಂತಿಲ್ಲ. ಅತಿಥಿಗಳಲ್ಲಿ ಒಬ್ಬರು ಶ್ರವಣಬೆಳಗೊಳದ ಕಡೆಯ ಜೈನರು ಎಂದಿಟ್ಟುಕೊಳ್ಳಿ. ವ್ರತ ಪಾಲಿಸುವವರು ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ: ಈರುಳ್ಳಿ, ಬೆಳ್ಳುಳ್ಳಿ, ಹಸಿಶುಂಠಿ, ಆಲೂಗಡ್ಡೆ ಯಾವುದೂ ಇಲ್ಲ. ಹಾಸನವೋ ಆಲೂಗಡ್ಡೆಯ ಜಿಲ್ಲೆ. ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ತರಿಸಿ, ಮುಂಗಾರಿಗೆ ಮುಂಚೆ ಬಿತ್ತಿ, ಅಂಗಮಾರಿ ರೋಗಕ್ಕೆ ಹೆದರುತ್ತ ಕಾದು, ಶ್ರಾವಣದ ಹೊತ್ತಿಗೆ ಕೀಳುತ್ತಾರೆ. ಹೀಗೆ ಆಲೂಗಡ್ಡೆ ಅಗ್ಗವಾಗುವ ದಿನವೂ ಅದನ್ನು ತಿನ್ನದ ಅತಿಥಿ ಬರುವ ದಿನವೂ ಒಂದೇ ಆಗುತ್ತದೆ. ಶ್ರಾವಣ ಚಾತುರ್ಮಾಸದೊಳಗೆ ಬರುವುದರಿಂದ ಕಟ್ಟುನಿಟ್ಟಿನವರು ಸೊಪ್ಪನ್ನೂ ಬಿಟ್ಟಿರುತ್ತಾರೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅಂದರೆ ರಾತ್ರಿ ಎಂಟಕ್ಕೆ ಕರೆದ ಔತಣದಲ್ಲಿ ಒಬ್ಬರ ಎಲೆ ಸಂಜೆ ಆರಕ್ಕೇ ಬೀಳಬೇಕು.

ಇಲ್ಲಿ ಶಾಲೆಯ ಗಣಿತ ಕೈ ಹಿಡಿಯುತ್ತದೆ. ಎಲ್ಲರ ವ್ರತ, ನಿಯಮ, ಅಲರ್ಜಿ, ‘ನಂಗೆ ಬದನೆಕಾಯಿ ಆಗಲ್ಲ’ಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದು ಮ.ಸಾ.ಅ. ಕಂಡುಹಿಡಿಯತಕ್ಕದ್ದು. ಉತ್ತರವಾಗಿ ಬರುವುದು ತೆಂಗಿನಕಾಯಿ, ಕಾಳು, ಹುರುಳಿಕಾಯಿ, ಬಾಳೆಹಣ್ಣು, ಬೆಲ್ಲ. ತೆಂಗಿಗೆ ಚನ್ನರಾಯಪಟ್ಟಣದ ತೋಟಗಳಿವೆ. ಉಳಿದದ್ದಕ್ಕೆ ಕಟ್ಟಿನಕೆರೆ ಮಾರುಕಟ್ಟೆಗೆ ಒಂದು ಚೀಲ ಹಿಡಿದು ಹೋದರೆ ಸಾಕು.

ಪ್ರಬಂಧದ ತಿರುಳು ಬಸ್ಸಾರು. ಲೋಕದ ಮಿಕ್ಕ ಅಡುಗೆಗಳಲ್ಲಿ ಎರಡು ಪದಾರ್ಥಕ್ಕೆ ಎರಡು ಪಾತ್ರೆ ಬೇಕು. ಬಸ್ಸಾರಿನಲ್ಲಿ ಒಂದೇ ಕುಕ್ಕರ್ ಎರಡನ್ನೂ ಹೆರುತ್ತದೆ. ಕಾಳನ್ನೂ ಹುರುಳಿಕಾಯಿಯನ್ನೂ ಉಪ್ಪು ಹಾಕಿ ಬೇಯಿಸಿ, ಮುಚ್ಚಳದ ಬದಲು ಊಟದ ತಟ್ಟೆಯನ್ನು ಅಡ್ಡ ಹಿಡಿದು ಕಟ್ಟನ್ನು ಬಸಿಯುವುದು. ಬಸಿದ ಕಟ್ಟಿಗೆ ಕಾಯಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳಿಗೆ ಬಾಣಲೆಯಲ್ಲಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಇದನ್ನು ‘ಏಕಪಾತ್ರಾ ದ್ವಿವ್ಯಂಜನ ನ್ಯಾಯ’ ಎಂದು ಕರೆಯಬಹುದು. ಈ ನ್ಯಾಯವನ್ನು ಕಂಡುಹಿಡಿದ ಅಜ್ಜಿಯರು ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ, ಒಲೆ ಊದುತ್ತಿದ್ದರು. ಮಿಕ್ಸಿ ಇಲ್ಲದವರು ಮೆಣಸಿನಕಾಯಿ, ಜೀರಿಗೆಯನ್ನು ಕುಟ್ಟಾಣಿಯಲ್ಲಿ ಜಜ್ಜಿ ಉಪ್ಸಾರು ಎಂದು ಹೆಸರು ಬದಲಾಯಿಸಿಕೊಳ್ಳಬಹುದು. ಯಾರೂ ಆಕ್ಷೇಪಿಸುವುದಿಲ್ಲ.

ಕುಕ್ಕರನ್ನೇ ಏಕೆ ನೆಚ್ಚಬೇಕು ಎಂದರೆ, ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ. ತೆರೆದ ಡಬರಿಯಲ್ಲಿ ಕಾಳು ಬೇಯುವ ಹೊತ್ತಿಗೆ ಅತಿಥಿಗಳೇ ಕುದಿಯುತ್ತಾರೆ. ವಿಶಲ್ ಕೂಗುವ ಕುಕ್ಕರಿನೊಳಗೆ 120ರ ಹತ್ತಿರ ಹೋಗುತ್ತದೆ.

ಸಾರಾಯಿತು, ಅದನ್ನು ಯಾವುದರ ಜೊತೆ ತಿನ್ನುವುದು? ತಾಲ್ಲೂಕುಗಳು ಜಗಳವಾಡುವುದು ಇಲ್ಲೇ. ಅರಕಲಗೂಡಿನ ಕಡೆಯವರು, ಅದರಲ್ಲೂ ಮಲೆನಾಡಿನ ಸೆರಗಿನವರು, ಅಕ್ಕಿರೊಟ್ಟಿ ಎನ್ನುತ್ತಾರೆ. ಒಂದು ಒಲೆಯ ಮೇಲೆ ಹನ್ನೆರಡು ಮಂದಿಗೆ ರೊಟ್ಟಿ ತಟ್ಟಲು ಹೊರಟವನು ತಾನು ಊಟಕ್ಕೆ ಕೂರುವುದು ಭಾನುವಾರ ಬೆಳಿಗ್ಗೆ. ಅನ್ನವೆಂದರೆ ತಲೆಗೆ 100 ಗ್ರಾಮಿನಂತೆ 1.2 ಕೆ.ಜಿ. ಅಕ್ಕಿ. ಕುಕ್ಕರಿನಲ್ಲಿ ಅಕ್ಕಿ, ನೀರು ಸೇರಿ ಅರ್ಧ ದಾಟಬಾರದೆಂಬ ತಾಕೀತು ಇರುವುದರಿಂದ ಒಂದು ಸಲಕ್ಕೆ ಮುಕ್ಕಾಲು ಕೆ.ಜಿ.; ಎರಡು ಸಲ ಇಡಬೇಕು. ಹೊಳೆನರಸೀಪುರದವರ ಮಾತು ಚುಟುಕು: “ಹಿಟ್ಟು ಮಾಡ್ರಪ್ಪ.” ಅದೇ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ರಾಗಿಮುದ್ದೆ ದೆಹಲಿಯ ಪತ್ರಿಕೆಗಳಿಗೂ ಸುದ್ದಿಯಾಗಿತ್ತು. ಹೊಳೆನರಸೀಪುರದವರ ಆತ್ಮವಿಶ್ವಾಸಕ್ಕೆ ಆಧಾರವಿಲ್ಲದಿಲ್ಲ.

ಪ್ರಬಂಧ ಹೊಳೆನರಸೀಪುರದ ಪರವಾಗಿ ನಿಲ್ಲುತ್ತದೆ. ಮುದ್ದೆಗೆ ಎಸರಿಡಲು ಮುಚ್ಚಳ ತೆಗೆದ ಕುಕ್ಕರೇ ಸಾಕು. ತಳ ದಪ್ಪ, ಹಿಡಿ ಗಟ್ಟಿ. ಹಿಟ್ಟಿನ ಕೋಲಿಲ್ಲದವರು ಏನೇನು ಬಳಸಿದ್ದಾರೆ ಎಂಬುದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಚಪಾತಿ ಲಟ್ಟಣಿಗೆ ಅವುಗಳಲ್ಲಿ ಮರ್ಯಾದಸ್ಥ. ಒಬ್ಬ ಕುಕ್ಕರನ್ನು ಬಟ್ಟೆಯಿಂದ ಅದುಮಿ ಹಿಡಿಯಬೇಕು, ಇನ್ನೊಬ್ಬ ಗಂಟಾಗದಂತೆ ತೊಳಸಬೇಕು. ಮೂರನೆಯವನು ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಾನೆ. ಅವನನ್ನು ತಡೆಯುವ ವಿಧಾನ ಇನ್ನೂ ಸಿಕ್ಕಿಲ್ಲ. ಆರು ಗಂಟೆಯ ಎಲೆಗೆ ಎರಡು ಮುದ್ದೆ ಮೊದಲೇ ಕಟ್ಟಿ, ಮಿಕ್ಕವರಿಗೆ ಎಂಟಕ್ಕೆ ಮತ್ತೆ ಎಸರಿಡಬೇಕು. ಸಾರು ಕಾದಷ್ಟೂ ರುಚಿಯಾಗುತ್ತದೆ, ಮುದ್ದೆ ಕಾಯಿಸಿದರೆ ಕಲ್ಲಾಗುತ್ತದೆ.

ಒಲೆ ಬಿಡುವಿಲ್ಲದಿರುವಾಗ ಬೆಂಕಿ ಕಾಣದ ಪದಾರ್ಥಗಳನ್ನು ಕೈಯಲ್ಲಿ ಮಾಡಬೇಕು. ಹೆಸರುಬೇಳೆ ನೆನೆಸಿ ಸೌತೆಕಾಯಿ ಹೆಚ್ಚಿದರೆ ಕೋಸಂಬರಿ. ಬಾಳೆಹಣ್ಣಿಗೆ ಬೆಲ್ಲ, ಕಾಯಿತುರಿ ಬೆರೆಸಿದರೆ ರಸಾಯನ. ನಂದಿನಿ ಮೊಸರಿಗೆ ನೀರು ಬೆರೆಸಿದಷ್ಟೂ ಅತಿಥಿಗಳಿಗೆ ಸಾಕಾಗುತ್ತದೆ. ಫ್ರಿಜ್ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ಹಾಸನಾಂಬೆಯ ಗುಡಿಯನ್ನು ತೋರಿಸುವವರಿದ್ದಾರೆ: ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆದಾಗ ಹಿಂದಿನ ವರ್ಷದ ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಬಾಡಿಗೆ ಕೋಣೆಗೆ ಆ ಅನುಗ್ರಹ ವಿಸ್ತರಿಸಿದ ಉದಾಹರಣೆ ಇಲ್ಲದ ಕಾರಣ ಮೊಸರನ್ನು ಸಂಜೆಯೇ ತರುವುದು ಕ್ಷೇಮ. ಕೇಕು ಬೇಕೇಬೇಕು ಎನ್ನುವವರಿಗೆ ಅಯ್ಯಂಗಾರ್ ಬೇಕರಿ ಇದೆ. ಬೆಂಗಳೂರಿನ ಬೀದಿಬೀದಿಗೂ ಆ ಬೇಕರಿಗಳನ್ನು ಹಬ್ಬಿಸಿದವರಲ್ಲಿ ಹಾಸನ ಜಿಲ್ಲೆಯ ಹಳ್ಳಿಯವರೇ ಹೆಚ್ಚು. ಓವನ್ನಿನ ಚಿಂತೆಯನ್ನು ಅವರಿಗೇ ಬಿಡಬಹುದು. ಮೊಟ್ಟೆ ಇದೆಯಾ ಎಂದು ಮಾತ್ರ ಒಂದು ಮಾತು ಕೇಳಿ.

ಬಾಳೆ ಎಲೆಯಲ್ಲಿ ಬಡಿಸಿದರೆ ತಟ್ಟೆ ತೊಳೆಯುವ ಕೆಲಸವಿಲ್ಲ. ಉಳಿಯುವುದು ಕುಕ್ಕರ್ ಒಂದೇ, ತಳದಲ್ಲಿ ಹಿಟ್ಟು ಹತ್ತಿ ಗಟ್ಟಿಯಾಗಿರುತ್ತದೆ. ಇದರ ಬಗ್ಗೆ ಕೋಣೆವಾಸಿಗಳಲ್ಲಿ ಒಂದೇ ಪಂಥವಿದೆ: “ನೀರು ಹಾಕಿ ನೆನೆಸಿಡು, ಬೆಳಿಗ್ಗೆ ನೋಡ್ಕಳಣ.” ಬೆಳಿಗ್ಗೆ ನೋಡುವ ಹೊತ್ತಿಗೆ ಒಬ್ಬ ಅರಕಲಗೂಡಿನ ಮೊದಲ ಬಸ್ಸಿನಲ್ಲಿರುತ್ತಾನೆ, ಇನ್ನೊಬ್ಬ ಚನ್ನರಾಯಪಟ್ಟಣ ದಾಟಿರುತ್ತಾನೆ. ಬಾಗಿಲಲ್ಲಿ ನಿಂತು ಸಲಹೆ ಕೊಟ್ಟವನು ಮಾತ್ರ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಾನೆ, ಅವನ ತಲೆಯ ಬಳಿ ನೀರು ತುಂಬಿದ ಕುಕ್ಕರ್.